ಕೋಡಿ ಯಾವ ಕಡೆ, ತಾತ?

ಬೆಂಗಳೂರು
ಗುರುವಾರ ರಾತ್ರಿ

ಪ್ರೀತಿಯ ತಾತ,

ಅಜ್ಜಿಯ ಮಂಡಿ ನೋವು ಹೇಗಿದೆ? ನಿನ್ನ ಕಣ್ಣಿನ ಪೊರೆ ತೆಗೆಸಿದ ಮೇಲೆ ಒಂದು ತಿಂಗಳು ಸಣ್ಣ ಅಕ್ಷರ ಓದಬೇಡ ಅಂತ ಡಾಕ್ಟರು ಹೇಳಿದ್ದಾರಂತೆ. ಈ ಕಾಗದವನ್ನು ತಮ್ಮನ ಕೈಲಿ ಓದಿಸಿಕೋ. ಫೋನು ಮಾಡಬಹುದಿತ್ತು, ಆದರೆ ನೀನು ಎರಡು ಸಲ ‘ಹೂಂ’ ಅಂದು ಅಜ್ಜಿಯ ಕೈಗೆ ಕೊಟ್ಟುಬಿಡುತ್ತೀಯ. ಇದು ಹಾಗೆ ಮುಗಿಯುವ ಮಾತಲ್ಲ.

ಗಂಗಮ್ಮನ ಪೂಜೆಗೆ ಬಂದಿದ್ದಾಗ ಏರಿ ಮೇಲೆ ಕೂತು ನೀನು ಕೇಳಿದೆ: “ಮೇಲಿಂದ ಫೋಟೋ ಹಿಡೀತಾರಲ್ಲ, ಅದ್ರಾಗೆ ನಮ್ಮ ಕೆರೆ ಎಷ್ಟು ಆಳ ಐತೆ ಅಂತ ಕಾಣ್ತದಾ?” ಅಷ್ಟರಲ್ಲಿ ಬಸ್ಸು ಬಂತು, ಉತ್ತರ ಕೊಡದೆ ಹೊರಟುಬಿಟ್ಟೆ. ಬೆಂಗಳೂರು ಮುಟ್ಟುವವರೆಗೂ ಅದೇ ಪ್ರಶ್ನೆ ತಲೆಯಲ್ಲಿತ್ತು.

ಇಲ್ಲ ತಾತ, ಆಳ ಕಾಣುವುದಿಲ್ಲ. ನಮ್ಮ ಕೆರೆಯ ಕೆಂಪು ನೀರಲ್ಲಂತೂ ಕಾಣುವುದೇ ಇಲ್ಲ.

ಕಾಣುವುದು ನೀರು ಎಷ್ಟು ದೂರ ಹರಡಿದೆ ಅನ್ನುವುದು. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕಿದೆ, ಕೆಂಪಿನ ಆಚೆಯದು. ಹಸಿರೆಲೆ ಆ ಬೆಳಕನ್ನು ಹೆಚ್ಚಾಗಿ ಮೇಲಕ್ಕೆ ಎಸೆಯುತ್ತದೆ, ನೀರು ನುಂಗಿಕೊಳ್ಳುತ್ತದೆ. ಆ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಕೆರೆ ಕಪ್ಪಗೆ, ಬೆಳೆ ಇರುವ ಗದ್ದೆ ಕೆಂಪಗೆ ಕಾಣುತ್ತವೆ. ಗದ್ದೆ ಯಾಕೆ ಕೆಂಪು ಅಂತ ನೀನು ಹೋದ ಸಲ ನನ್ನ ಲ್ಯಾಪ್‌ಟಾಪ್ ನೋಡಿ ಬೈದಿದ್ದೆಯಲ್ಲ, ಅದಕ್ಕೆ. ಕಾಣದ ಬೆಳಕಿಗೆ ಬಣ್ಣವಿಲ್ಲ, ನಾವೇ ಕೆಂಪು ಹಚ್ಚುತ್ತೇವೆ.

ಇದರಲ್ಲಿ ಮೋಸ ಹೋಗುವುದೂ ಸುಲಭ. ಕೆರೆ ಅಂಗಳದಲ್ಲಿ ಜಾಲಿ ಬೆಳೆದರೆ ಅದೂ ಕೆಂಪು, ಜೊಂಡು ಮುಚ್ಚಿದರೆ ಅದೂ ಕೆಂಪು. ನೀರಿರುವ ಕೆರೆಯನ್ನೇ ಯಂತ್ರ ತೋಟ ಅಂದುಕೊಂಡುಬಿಡುತ್ತದೆ. ನಮ್ಮ ಕಡೆಯ ನೀಲಗಿರಿ ತೋಪುಗಳಂತೂ ಬೇಸಿಗೆಯಲ್ಲೂ ಕೆಂಪಗೆ ಹೊಳೆಯುತ್ತವೆ. ಹೊಸದಾಗಿ ನೀಲಗಿರಿ ನೆಡಬಾರದು ಅಂತ 2017ರಲ್ಲಿ ಸರ್ಕಾರ ಆದೇಶ ಮಾಡಿತು, ಹಳೆಯವು ಎಷ್ಟೋ ಕಡೆ ಇನ್ನೂ ನಿಂತಿವೆ. ಕೆರೆಗೆ ನೀರು ಬರುವ ಗುಡ್ಡದ ಮೇಲೆ ಅವು ಎಷ್ಟು ಎಕರೆ ಇವೆ ಅಂತ ಈಗ ಕೂತಲ್ಲೇ ಲೆಕ್ಕ ಹಾಕುತ್ತೇನೆ. ನನ್ನ ಕೆಲಸದಲ್ಲಿ ನನಗೆ ನಿಜವಾಗಿ ಖುಷಿ ಕೊಡುವ ಭಾಗ ಅದು.

ಲೆಕ್ಕ ಎಷ್ಟು ಸಣ್ಣದಕ್ಕೆ ಇಳಿಯುತ್ತದೆ ಅಂತ ನಿನ್ನ ಅಳತೆಯಲ್ಲೇ ಹೇಳುತ್ತೇನೆ. ಉಪಗ್ರಹದ ಚಿತ್ರ ಚೌಕಗಳಿಂದ ಆದದ್ದು. ಒಂದು ಚೌಕದೊಳಗೆ ಏನೆಲ್ಲ ಇದ್ದರೂ ಅದಕ್ಕೆ ಒಂದೇ ಬಣ್ಣ. 1972ರಲ್ಲಿ ಅಮೆರಿಕದವರು ಮೊದಲ ಲ್ಯಾಂಡ್‌ಸ್ಯಾಟ್ ಹಾರಿಸಿದಾಗ ಒಂದು ಚೌಕ ಒಂದೂವರೆ ಎಕರೆಗೂ ಮೇಲಿತ್ತು. ನಮ್ಮ ದೇಶದ ಐಆರ್‌ಎಸ್-1ಎ 1988ರ ಮಾರ್ಚ್‌ನಲ್ಲಿ ರಷ್ಯಾದವರ ರಾಕೆಟ್ಟಿನಲ್ಲಿ ಮೇಲೆ ಹೋಯಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್. ಆ ಉಪಗ್ರಹದ ಒಳ್ಳೆಯ ಕ್ಯಾಮೆರಾಗಳಲ್ಲಿ ಒಂದು ಚೌಕ ಹದಿಮೂರು ಗುಂಟೆ. 2005ರ ಕಾರ್ಟೋಸ್ಯಾಟ್-1ಕ್ಕೆ ಎಂಟಡಿಗೆ ಎಂಟಡಿ, ನಮ್ಮ ಹಸು ಮಲಗುವಷ್ಟು ಜಾಗ. ನಾನು ದಿನವೂ ಬಳಸುವುದು ಯುರೋಪಿನವರ ಸೆಂಟಿನೆಲ್-2. ಅದರ ಚೌಕ ಹತ್ತು ಮೀಟರಿಗೆ ಹತ್ತು ಮೀಟರ್, ಅಂದರೆ ಹೆಚ್ಚುಕಮ್ಮಿ ಒಂದು ಗುಂಟೆ. ಐದು ದಿನಕ್ಕೊಮ್ಮೆ ನಮ್ಮೂರ ಮೇಲೆ ಹಾಯುತ್ತದೆ. ಮೋಡ ಇದ್ದರೆ ಅದಕ್ಕೆ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಬೇಕಾಗುವುದು ರೇಡಾರ್ ಉಪಗ್ರಹ, ಅದು ಮೋಡದ ಮೂಲಕವೂ ನೋಡುತ್ತದೆ. ತಮ್ಮ ಟಿವಿಯಲ್ಲಿ ತೋರಿಸಿರಬೇಕು, ಆ ನಿಸಾರ್ ಅಂಥದ್ದೇ. 2025ರ ಜುಲೈನಲ್ಲಿ ಶ್ರೀಹರಿಕೋಟಾದಿಂದ ಹೋಯಿತು.

ಇನ್ನು ಆಳದ ವಿಷಯ. ನೀರಿನ ಅಂಚು ಎಲ್ಲಿದೆ ಅಂತ ತಿಂಗಳು ತಿಂಗಳು ಗುರುತು ಹಾಕಿ, ಆಯಾ ದಿನ ನೀರಿನ ಮಟ್ಟ ಎಷ್ಟಿತ್ತು ಅಂತ ಗೊತ್ತಿದ್ದರೆ, ಒಂದು ಅಂಚಿಗೂ ಇನ್ನೊಂದು ಅಂಚಿಗೂ ನಡುವೆ ಎಷ್ಟು ನೀರಿತ್ತು ಅಂತ ತೆಗೆಯಬಹುದು. ದೊಡ್ಡ ಜಲಾಶಯಗಳಲ್ಲಿ ಹೂಳು ಎಷ್ಟು ತುಂಬಿದೆ ಅಂತ ಹೀಗೂ ನೋಡುತ್ತಾರೆ. ತುಂಗಭದ್ರೆ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ ಲೆಕ್ಕಕ್ಕೆ ಸಿಗುವುದು ಸುಮಾರು 105. ಉಳಿದದ್ದು ಹೂಳಿನ ಪಾಲು. ಆದರೆ ಈ ಲೆಕ್ಕಕ್ಕೂ ನೀರು ಇಳಿದ ಕಡೆಯ ಮಟ್ಟದವರೆಗೆ ಮಾತ್ರ ಕಣ್ಣಿದೆ, ಅದರ ಕೆಳಗೆ ಕುರುಡು.

ನೀನು ಇದನ್ನು ಉಪಗ್ರಹ ಇಲ್ಲದೆ ಮಾಡುತ್ತಿದ್ದೆ. ತೂಬಿನ ಕಲ್ಲುಕಂಬದ ಎರಡನೇ ಹಲಗೆ ಮುಳುಗಿದರೆ ಕೆಳಗದ್ದೆಗೆ ಒಂದು ಬೆಳೆ, ಮೂರನೆಯದು ಮುಳುಗಿದರೆ ಮೇಲಿನ ಅಚ್ಚುಕಟ್ಟಿಗೂ ಬಿಡಬಹುದು ಅಂತ ಹೇಳುತ್ತಿದ್ದೆಯಲ್ಲ, ನಾನು ಕಾಲೇಜಿನಲ್ಲಿ ಕಲಿತ ಲೆಕ್ಕವೂ ಅದೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ನನಗೆ ಎರಡು ವಾರ ಹಿಡಿಯಿತು.

2021ರ ನವೆಂಬರ್ ನೆನಪಿದೆಯಲ್ಲ? ಎಷ್ಟೋ ವರ್ಷಗಳ ಮೇಲೆ ಕೋಲಾರದ ಕಡೆ ಕೆರೆಗಳೆಲ್ಲ ಕೋಡಿ ಹರಿದವು. ನಮ್ಮ ಕೆರೆ ಕೋಡಿ ಬಿದ್ದ ರಾತ್ರಿ ಊರೆಲ್ಲ ಹಬ್ಬ ಮಾಡಬೇಕಿತ್ತು. ಆದರೆ ಕೋಡಿ ನೀರು ಹೊಸ ರಸ್ತೆಗೆ ಬಂದು ನಿಂತು, ಹಿಂದಕ್ಕೆ ತಿರುಗಿ, ಕೆಳಗಿನ ಬೀದಿಗೆ ನುಗ್ಗಿತು. ಅತ್ತೆಯ ಮನೆಯ ರಾಗಿ ಮೂಟೆಗಳು ನೆನೆದು ಮೊಳಕೆ ಬಂದವು. ನೀನು ಆ ವಯಸ್ಸಿನಲ್ಲಿ ಹಾರೆ ಹಿಡಿದು ಕತ್ತಲಲ್ಲಿ ಹೊರಟೆಯಂತೆ. “ನೀರು ತನ್ನ ದಾರೀಲೇ ಬಂದೈತೆ, ದಾರಿ ಇಲ್ಲ ಅಷ್ಟೆ” ಅಂದೆಯಂತೆ. ಅಪ್ಪ ಹೇಳಿದ್ದು. ರಸ್ತೆಗೆ ಮೋರಿ ಇಟ್ಟಿದ್ದರು, ಇಡದೆ ಇರಲಿಲ್ಲ. ಇಟ್ಟದ್ದು ಮೂಡಲ ಕಡೆ, ಶಾಲೆ ಹತ್ತಿರ. ಕೋಡಿ ಇರುವುದು ಪಡುವಲ ಕಡೆ, ಹುಣಸೆ ಮರಗಳ ಹತ್ತಿರ.

ಎಲ್ಲರೂ ದುಡ್ಡು ತಿಂದಿದ್ದಾರೆ ಅಂದರು, ನಾನೂ ಹಾಗೇ ಅಂದುಕೊಂಡಿದ್ದೆ. ಈ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಭಾಗದ ಕೆರೆ ಸರಣಿಯ ನಕ್ಷೆ ಮಾಡುವುದು ನನ್ನ ಪಾಲಿಗೆ ಬಂತು. ಕಲಿಸಿದ ಕ್ರಮದಲ್ಲೇ ಶುರು ಮಾಡಿದೆ. ಮೊದಲು ನೆಲದ ಎತ್ತರ ಬೇಕು. ಅದಕ್ಕೆ ಪುಕ್ಕಟೆ ಸಿಗುವ ಅಂಕಿಗಳಿವೆ. 2000ರ ಫೆಬ್ರವರಿಯಲ್ಲಿ ಎಂಡೆವರ್ ಅನ್ನುವ ನೌಕೆ 60 ಮೀಟರ್ ಉದ್ದದ ತೋಳು ಚಾಚಿಕೊಂಡು ಹನ್ನೊಂದು ದಿನ ಭೂಮಿ ಸುತ್ತಿ ರೇಡಾರಿನಿಂದ ಅಳೆದದ್ದು. 30 ಮೀಟರ್ ಚೌಕಕ್ಕೆ ಒಂದು ಎತ್ತರ, ಅಂದರೆ ನಿನ್ನ ಲೆಕ್ಕದಲ್ಲಿ ಒಂಬತ್ತು ಗುಂಟೆಗೆ ಒಂದೇ ಅಂಕಿ.

ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಒಂದೊಂದು ಚೌಕದಲ್ಲೂ ನಿಂತು ಸುತ್ತಲಿನ ಎಂಟು ಚೌಕ ನೋಡುತ್ತದೆ. ಯಾವುದು ಹೆಚ್ಚು ತಗ್ಗೋ ಆ ಕಡೆ ನೀರು ಹರಿಸುತ್ತದೆ. ಹೀಗೆ ಹಳ್ಳಕೊಳ್ಳಗಳು ತಾವೇ ನಕ್ಷೆಯ ಮೇಲೆ ಮೂಡುತ್ತವೆ. ನೋಡಲು ಬಹಳ ಚಂದ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಸುತ್ತಲೂ ಎತ್ತರ, ನಡುವೆ ತಗ್ಗು ಇದ್ದರೆ ನೀರು ಅಲ್ಲೇ ನಿಂತುಬಿಡುತ್ತದೆ, ಲೆಕ್ಕ ಮುಂದೆ ಹೋಗುವುದಿಲ್ಲ. ಅಂಥ ತಗ್ಗುಗಳು ಅಳತೆಯ ತಪ್ಪಿನಿಂದ ಬಂದವು ಅಂತ ಹಿಡಿದು ಅವನ್ನೆಲ್ಲ ತುಂಬಿಬಿಡುತ್ತಾರೆ. ಆ ಆಜ್ಞೆಯ ಹೆಸರೇ ‘ಫಿಲ್’. ತುಂಬು ಅಂತ.

ತಾತ, ನಮ್ಮ ಸೀಮೆಯಲ್ಲಿ ಸುತ್ತಲೂ ಎತ್ತರ, ನಡುವೆ ತಗ್ಗು ಇರುವುದು ಯಾವುದು? ಕೆರೆ. ಕುಂಟೆ. ಗೋಕಟ್ಟೆ. ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲದ ಕೋಲಾರದಲ್ಲಿ ತಲೆಮಾರುಗಟ್ಟಲೆ ಜನ ಮಣ್ಣು ಹೊತ್ತು ಮಾಡಿದ ತಗ್ಗುಗಳು. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿಯವರೇ ಈ ರಾಜ್ಯದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದು ಕಷ್ಟ ಅನ್ನುವಷ್ಟು ಕೆರೆ ಕಟ್ಟಿದ್ದಾರೆ ಅಂತ ಅಚ್ಚರಿಪಟ್ಟಿದ್ದರು. ನಾನು ಒಂದು ಗುಂಡಿ ಒತ್ತಿದೆ. ಅಷ್ಟೂ ಕೆರೆಗಳು ಅಳತೆಯ ತಪ್ಪುಗಳಾಗಿ ಮುಚ್ಚಿಹೋದವು.

ಅದಾದರೂ ಇರಲಿ. ತಗ್ಗನ್ನು ತುಂಬುವಾಗ ಅದರ ಅಂಚಿನಲ್ಲಿ ಎಲ್ಲಿ ಅತಿ ಕಡಿಮೆ ಎತ್ತರ ಇದೆಯೋ ಅಲ್ಲಿಯವರೆಗೆ ತುಂಬುತ್ತದೆ, ಆಮೇಲೆ ನೀರನ್ನು ಅಲ್ಲಿಂದ ಹೊರಗೆ ಬಿಡುತ್ತದೆ. ಅಂದರೆ ಯಂತ್ರ ಕೂಡ ಪ್ರತಿ ಕೆರೆಗೂ ಒಂದು ಕೋಡಿ ಇಡುತ್ತದೆ. ಇದು ಗೊತ್ತಾದಾಗ ಮೊದಲು ನನಗೆ ಸಂತೋಷವೇ ಆಯಿತು. ನಮ್ಮ ಕೆರೆಯ ಕೋಡಿ ಎಲ್ಲಿ ಇಟ್ಟಿದೆ ಅಂತ ಹಿಗ್ಗಿಸಿ ನೋಡಿದೆ.

ಮೂಡಲ ಕಡೆ ಇಟ್ಟಿತ್ತು. ನೀಲಿ ಗೆರೆ ಏರಿಯ ಮೂಡಲ ತುದಿಯಿಂದ ಹೊರಟು, ಶಾಲೆಯ ಹತ್ತಿರ, ಸರಿಯಾಗಿ ಆ ಮೋರಿಯ ಜಾಗದಲ್ಲಿ ರಸ್ತೆ ದಾಟಿತ್ತು.

ನನ್ನ ಕೈ ತಣ್ಣಗಾಯಿತು. ಯಾಕೆ ಹಾಗಾಯಿತು ಅಂತ ಒಂದು ರಾತ್ರಿಯೆಲ್ಲ ಕೂತು ನೋಡಿದೆ. ನಮ್ಮ ಏರಿಯ ತಲೆ ಹತ್ತಡಿ ಅಗಲ. ಚೌಕ ಸುಮಾರು ನೂರಡಿ ಅಗಲ. ಮೂಡಲ ತುದಿಯಲ್ಲಿ ಏರಿಯೂ ಅದರ ಕೆಳಗಿನ ಗದ್ದೆಯೂ ಒಂದೇ ಚೌಕಕ್ಕೆ ಸೇರಿ ಸರಾಸರಿಯಾಗಿ ಏರಿ ಕುಗ್ಗಿಹೋಗಿತ್ತು. ಪಡುವಲ ಕಡೆ ಕೋಡಿ ನಿಜವಾಗಿಯೂ ತಗ್ಗು, ಆದರೆ ಅದರ ಎರಡೂ ಮಗ್ಗುಲಿಗೆ ಹುಣಸೆ ಮರಗಳು. ಆ ರೇಡಾರಿಗೆ ದಟ್ಟ ಮರದಡಿಯ ನೆಲ ಸರಿಯಾಗಿ ಸಿಗುವುದಿಲ್ಲ, ಕೊಂಬೆಗಳ ನಡುವಿನ ಯಾವುದೋ ಎತ್ತರವನ್ನು ನೆಲ ಅಂದುಕೊಳ್ಳುತ್ತದೆ. ಹಾಗಾಗಿ ಕೋಡಿ ಎತ್ತರವಾಯಿತು, ಏರಿ ತಗ್ಗಾಯಿತು.

ರಸ್ತೆ ಮಾಡಿದವರು ಇದೇ ಕ್ರಮ ಹಿಡಿದರು ಅಂತ ನಾನು ನೋಡಿಲ್ಲ. ಆದರೆ ಗೆರೆ ಮತ್ತು ಮೋರಿ ಒಂದೇ ಜಾಗಕ್ಕೆ ಬಂದದ್ದನ್ನು ನೋಡಿದ ಮೇಲೆ ನನ್ನ ಮನಸ್ಸು ಬೇರೆ ಏನನ್ನೂ ಒಪ್ಪುತ್ತಿಲ್ಲ. ಅವರು ಬಂದು ನೋಡಲಿಲ್ಲ ಅಂತಲೂ ಹೇಳಲಾರೆ. ರಸ್ತೆ ಆದದ್ದು ಬರಗಾಲದ ವರ್ಷಗಳಲ್ಲಿ. ಕೋಡಿ ಕಾಲುವೆಯಲ್ಲಿ ಜಾಲಿ ಬೆಳೆದು ಅದೊಂದು ಪಾಳು ಜಾಗದ ಹಾಗಿತ್ತು, ನಾವೇ ಅಲ್ಲಿ ಸೌದೆ ತರುತ್ತಿದ್ದೆವು. ಬಂದು ನಿಂತರೂ ಅವರಿಗೆ ಕಾಣುತ್ತಿದ್ದದ್ದು ಒಣ ನೆಲ. ನೆಲ ನೋಡು, ಕಾಲಲ್ಲಿ ನಡೆ ಅಂತ ನಮಗೆ ಕಾಲೇಜಿನಲ್ಲಿ ಹೇಳುತ್ತಾರೆ. ನಡೆದರೂ ಅಲ್ಲಿ ನೀರು ಕಾಣುತ್ತಿರಲಿಲ್ಲ. ನೀರು ಹರಿದದ್ದನ್ನು ಕಂಡವರನ್ನು ಕೇಳಬೇಕಿತ್ತು. ಊರಲ್ಲಿ ನೀನಿದ್ದೆ. ನಿನ್ನನ್ನು ಯಾರೂ ಕೇಳಲಿಲ್ಲ.

ಆಮೇಲೆ ನಾನು ಹಳೆಯ ಕಾಗದ ತೆಗೆದೆ. ಸರ್ವೆ ಆಫ್ ಇಂಡಿಯಾದ ನಕ್ಷೆಯಲ್ಲಿ ಕೋಡಿ ಪಡುವಲಲ್ಲೇ ಇದೆ, ಕೂದಲೆಳೆಯಷ್ಟು ನೀಲಿ ಗೆರೆ. ಅದನ್ನು ಬರೆದವರು ನಡೆದು ಬರೆದವರು. ನಮ್ಮ ಗ್ರಾಮ ನಕ್ಷೆಯಲ್ಲಿ ಇನ್ನೂ ಚೆನ್ನಾಗಿದೆ. ಎಂಟಿಂಚಿಗೆ ಒಂದು ಮೈಲಿಯ ಹಳೇ ನಕ್ಷೆ ಅದು. ಎರಡು ಸರ್ವೆ ನಂಬರುಗಳ ನಡುವೆ ನಂಬರಿಲ್ಲದ ಒಂದು ಪಟ್ಟಿ, ಬಿ ಖರಾಬು. ಅದೇ ಕೋಡಿ ಕಾಲುವೆ. ಜಿಐಎಸ್ ಅಂದರೆ ಈ ಕಾಗದಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ನೋಡುವುದು, ಅಷ್ಟೇ. ನಾನು ಚಿಕ್ಕವಳಿದ್ದಾಗ ಕಿಟಕಿ ಗಾಜಿಗೆ ಎರಡು ಹಾಳೆ ಒತ್ತಿ ಚಿತ್ರ ತೆಗೆಯುತ್ತಿದ್ದೆನಲ್ಲ, ಹಾಗೆ. ಆದರೆ ಹಾಳೆ ಜರುಗದಂತೆ ಕೂರಿಸಲು ಎಲ್ಲದರಲ್ಲೂ ಇರುವ ಗುರುತು ಬೇಕು. ಗ್ರಾಮ ನಕ್ಷೆಯಲ್ಲಿ ಇರುವುದು ಗಡಿಕಲ್ಲುಗಳು. ಮೂರೂರ ಗಡಿ ಸೇರುವ ಕಲ್ಲುಗಳಲ್ಲಿ ಎರಡು ನನಗೆ ಸಿಗಲೇ ಇಲ್ಲ.

ಹೋದ ಬೇಸಿಗೆಯಲ್ಲಿ ಡ್ರೋನ್ ಹಾರಿಸಲು ಬಂದದ್ದು ಇದಕ್ಕೇ. ಕೆರೆ ಅಂಗಳದಲ್ಲಿ ಸುಣ್ಣದ ಅಡ್ಡಗೀಟು ಹಾಕಿದ್ದೆವು, ಹುಡುಗರು ತುಳಿಯದಂತೆ ನೀನು ಕೋಲು ಹಿಡಿದು ಕಾದೆ. ಆ ಒಂದೊಂದು ಗುರುತಿನ ಜಾಗ ಮತ್ತು ಎತ್ತರವನ್ನು ಉಪಗ್ರಹದ ಸಂಕೇತ ಹಿಡಿದು ಒಂದೆರಡು ಇಂಚಿನ ಒಳಗೆ ಅಳೆದಿದ್ದೆವು. ಫೋಟೋಗಳನ್ನು ಅವಕ್ಕೆ ಕಟ್ಟಿಹಾಕಿದರೆ ಇಡೀ ಕೆರೆಯ ತಳ ಸಿಗುತ್ತದೆ. ಈಗ ನಿನ್ನ ಪ್ರಶ್ನೆಗೆ ಪೂರ್ತಿ ಉತ್ತರ: ನೀರಿದ್ದಾಗ ಮೇಲಿನಿಂದ ಕಾಣದ ಆಳವನ್ನು ಬತ್ತಿದಾಗ ಅಳೆದಿದ್ದೇವೆ. ತೂಬಿನ ಮುಂದೆ ಹೂಳು ಎಷ್ಟಿದೆ ಅಂತ ಬಂದಾಗ ಹೇಳುತ್ತೇನೆ. ನೀನು ಹೇಳುವ ‘ಆಳುದ್ದ’ಕ್ಕೂ ನನ್ನ ಅಂಕಿಗೂ ಹೊಂದುತ್ತದಾ ನೋಡೋಣ.

ಡ್ರೋನ್ ಚಿತ್ರದಲ್ಲಿ ಏರಿ ಗೆರೆ ಕೊರೆದ ಹಾಗೆ ಇದೆ, ಕೋಡಿ ಪಡುವಲಿಗೆ ಬಂದಿದೆ. ಆದರೂ ಎರಡು ಕಡೆ ಅದೂ ಸೋಲುತ್ತದೆ. ಜಾಲಿಯ ತಲೆಯನ್ನೇ ನೆಲ ಅನ್ನುತ್ತದೆ. ರಸ್ತೆಯ ಕೆಳಗಿನ ಮೋರಿ ಅದಕ್ಕೆ ಕಾಣುವುದಿಲ್ಲ, ಹಾಗಾಗಿ ರಸ್ತೆ ಒಂದು ಗೋಡೆಯಾಗಿ ಲೆಕ್ಕದಲ್ಲಿ ನೀರು ಅಲ್ಲೇ ನಿಲ್ಲುತ್ತದೆ. ಪ್ರತಿ ಮೋರಿಯನ್ನೂ ಹೋಗಿ ನೋಡಿ, ಬಾಯಿ ಅಳೆದು, ಕೈಯಿಂದ ನಕ್ಷೆಗೆ ಸೇರಿಸಬೇಕು. ತಮ್ಮನ ಗಾಡಿಯಲ್ಲಿ ಕೂತು ಸುತ್ತಿದ್ದು ಆ ಕೆಲಸಕ್ಕೆ. ಅವನ ಕ್ರಿಕೆಟ್ಟು ಕೆಡಿಸಿದ್ದಕ್ಕೆ ಅವನು ಇನ್ನೂ ಮುನಿದಿದ್ದಾನಾ?

ಒಂದು ಮಾತು ಹೇಳಬೇಕು. ನಿಮ್ಮಪ್ಪ ನೀರುಗಂಟಿಯಾಗಿ ಆಯ ತೆಗೆದುಕೊಳ್ಳುತ್ತಿದ್ದರು. 1961ರ ಕಾನೂನಿನಲ್ಲಿ ವಂಶಪಾರಂಪರ್ಯದ ಊರ ಹುದ್ದೆಗಳು ರದ್ದಾದವು. ರದ್ದಾಗಬೇಕಾದದ್ದೂ ನ್ಯಾಯವೇ. ಊರಿಗೆಲ್ಲ ಕೆರೆ ನೀರು ಬಿಡುವ ಕೈ ನಮ್ಮದು, ಊರ ಬಾವಿಯಲ್ಲಿ ಕೊಡ ಇಳಿಸುವ ಹಕ್ಕು ನಮಗಿರಲಿಲ್ಲ ಅಂತ ನೀನು ಒಂದೇ ಒಂದು ಸಲ ಹೇಳಿದ್ದೆ, ನಾನು ಮರೆತಿಲ್ಲ. ಆದರೆ ಹುದ್ದೆಯ ಜೊತೆಗೆ ತಿಳಿವಳಿಕೆಯೂ ರದ್ದಾಯಿತು ಅಂತ ಎಲ್ಲರೂ ನಡೆದುಕೊಂಡರು. ನೀನು ಮಾತ್ರ ಸಂಬಳ ಇಲ್ಲದೆ ಮಳೆ ರಾತ್ರಿಗಳಲ್ಲಿ ಏರಿ ಸುತ್ತಿದೆ. ಕಚೇರಿಯಲ್ಲಿ ನಾನು ‘ನೀರುಗಂಟಿಯ ಮೊಮ್ಮಗಳು’ ಅಂತ ತಲೆಯೆತ್ತಿ ಹೇಳುತ್ತೇನೆ.

ಆ ತಿಳಿವಳಿಕೆ ಇವತ್ತಿಗೂ ಬೇಕು. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾದಾಗ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಆಮೇಲೆ ಒಂದರ ಕೋಡಿ ಇನ್ನೊಂದಕ್ಕೆ. ಆ ನೀರಿನ ಗುಣದ ಬಗ್ಗೆ ನನಗೆ ಅನುಮಾನಗಳಿವೆ, ಅದು ಬೇರೆ ಮಾತು. ಆದರೆ ಅಷ್ಟು ದೊಡ್ಡ ಯೋಜನೆಯೂ ನಿಂತಿರುವುದು ಹಳಬರು ಇಟ್ಟ ಕೋಡಿಗಳ ಮೇಲೆ. ಒಂದು ಕೋಡಿ ತಪ್ಪು ಕಡೆ ಬರೆದರೆ ಕೆಳಗಿನ ಸಾಲು ಪೂರ್ತಿ ತಪ್ಪುತ್ತದೆ.

ಈ ಕಾಗದದ ಜೊತೆ ಒಂದು ದೊಡ್ಡ ನಕ್ಷೆ ಮಡಿಸಿ ಇಟ್ಟಿದ್ದೇನೆ. ನಡುಮನೆಯಲ್ಲಿ ಹಾಸಿ, ನಾಲ್ಕು ಮೂಲೆಗೂ ಒಂದೊಂದು ಚೊಂಬು ಇಡಿ. ಕೆರೆ, ಏರಿ, ಶಾಲೆ, ಗಂಗಮ್ಮನ ಗುಡಿ ಎಲ್ಲ ಅದರಲ್ಲಿದೆ, ತಮ್ಮ ಬೆರಳಿಟ್ಟು ತೋರಿಸುತ್ತಾನೆ. ರಸ್ತೆ ಆಗುವುದಕ್ಕೆ ಮುಂಚೆ ಕೋಡಿ ನೀರು ಎಲ್ಲೆಲ್ಲಿ ಹಾದು ಕೆಳಗಿನ ಕೆರೆಗೆ ಸೇರುತ್ತಿತ್ತೋ ಅಲ್ಲಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆ. ಕೈ ನಡುಗಿದರೂ ಚಿಂತೆಯಿಲ್ಲ. ಮೇಲುಗಡೆ ಗುಡ್ಡದ ಬುಡದಲ್ಲಿ ಮೂರು ಕುಂಟೆಗಳಿದ್ದವಲ್ಲ, ಎಲ್ಲೆಲ್ಲಿದ್ದವು, ಅವುಗಳ ಹೆಸರೇನು ಅಂತ ಬರೆಸು. ಯಾವ ನಕ್ಷೆಯಲ್ಲೂ ಹೆಸರಿಲ್ಲ. ಎರಡು ಗಡಿಕಲ್ಲು ಎಲ್ಲಿ ಹೂತಿವೆ ಅಂತಲೂ ನಿನಗೇ ಗೊತ್ತಿರಬೇಕು. ನಿನ್ನ ಗೆರೆ ಇಟ್ಟುಕೊಂಡು ಪಡುವಲ ಕಡೆ ಹೊಸ ಮೋರಿ ಬೇಕು ಅಂತ ಬರೆದು ಕೊಡುತ್ತೇನೆ. ಅಳತೆ, ಲೆಕ್ಕ, ಚಿತ್ರ ಎಲ್ಲ ಸೇರಿಸಿಯೇ ಕೊಡುತ್ತೇನೆ. ಮುಂದಿನ ಮಳೆಗೆ ಮುಂಚೆ ಅದು ಆಗಲೇಬೇಕು.

ನಕ್ಷೆಯ ಬಲಗಡೆ ಕೆಳಗೆ ಒಂದು ಪಟ್ಟಿ ಇದೆ, ಯಾವ ಮಾಹಿತಿ ಎಲ್ಲಿಂದ ಬಂತು ಅಂತ ಬರೆಯುವ ಜಾಗ. ಉಪಗ್ರಹದ ಹೆಸರು, ಡ್ರೋನ್ ಹಾರಿಸಿದ ದಿನ, ಗ್ರಾಮ ನಕ್ಷೆ ಇವನ್ನು ಬರೆದಿದ್ದೇನೆ. ಕೋಡಿ ಕಾಲುವೆಯ ಮುಂದೆ ನಿನ್ನ ಹೆಸರು ಹಾಕಿದ್ದೇನೆ, ಜೊತೆಗೆ ‘ನೀರುಗಂಟಿ’ ಅಂತ. ಅಕ್ಷರ ಸರಿಯಿದೆಯಾ ನೋಡಿಸು.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಬಿಸಿಲೇರುವ ಮುಂಚೆ ಹುಣಸೆ ಮರಗಳ ತನಕ ಹೋಗಿ ಬರೋಣ. ಕಣ್ಣಿಗೆ ಕೊಟ್ಟ ಕಪ್ಪು ಕನ್ನಡಕ ಮರೆಯದೆ ಹಾಕಿಕೋ.

ನಿನ್ನ ಮೊಮ್ಮಗಳು